ಉಸಿರಿಗೆ ಜಾಗವೆಲ್ಲಿ? ಇಬೇರ್‌ನ ಫ್ಲೂಟ್ ಕಾನ್ಸರ್ಟೊ ಕುರಿತು

(ಉಪನ್ಯಾಸದ ಬರಹ ರೂಪ. ಮಾತಿನ ನಡುವೆ ಕೇಳಿಸಿದ ಧ್ವನಿಮುದ್ರಣದ ತುಣುಕುಗಳ ಜಾಗದಲ್ಲಿ, ಓದುವವರಿಗೆ ಅನುಕೂಲವಾಗಲಿ ಎಂದು ಒಂದಿಷ್ಟು ವಿವರಣೆ ಸೇರಿಸಿದ್ದೇನೆ.)

ಸ್ನೇಹಿತರೇ,

ಝಾಕ್ ಇಬೇರ್ ಎಂಬ ಫ್ರೆಂಚ್ ಸಂಗೀತಕಾರ 1932-33ರಲ್ಲಿ ಬರೆದ ಫ್ಲೂಟ್ ಕಾನ್ಸರ್ಟೊ ಬಗ್ಗೆ ಇವತ್ತಿನ ಮಾತು. ಸುಮಾರು ಇಪ್ಪತ್ತು ನಿಮಿಷದ ಕೃತಿ. ಪಾಶ್ಚಾತ್ಯ ಫ್ಲೂಟ್ ಕಲಿತವರ ಎದುರು ಇದರ ಹೆಸರೆತ್ತಿದರೆ ಅವರಿಗೆ ಮೊದಲು ನೆನಪಾಗುವುದು ಪರೀಕ್ಷೆ, ಸ್ಪರ್ಧೆ, ವಾದ್ಯವೃಂದದ ಆಯ್ಕೆಗೆ ನಡೆಸುವ ಆಡಿಷನ್. ಎಷ್ಟು ವೇಗವಾಗಿ ನುಡಿಸಿದೆ, ಎಲ್ಲಿ ತಪ್ಪಿತು ಎನ್ನುವುದೇ ಮಾತಾಗಿಬಿಡುತ್ತದೆ. ಇದು ಕಷ್ಟದ ಕೃತಿ ಎನ್ನುವುದರಲ್ಲಿ ಎರಡು ಮಾತಿಲ್ಲ. ಆದರೆ ಆ ಕಷ್ಟ ಇರುವುದು ಬೆರಳಿನಲ್ಲಿ ಎಂದು ಬಹಳ ಜನ ತಿಳಿದಿದ್ದಾರೆ. ನನ್ನ ಪ್ರಕಾರ ಅದು ಇರುವುದು ಉಸಿರಿನಲ್ಲಿ. ಈ ಒಂದು ಮಾತನ್ನು ಹಿಡಿದು ಕೃತಿಯನ್ನು ನೋಡಿದರೆ, ಪರೀಕ್ಷೆಯ ಪಾಠವಾಗಿ ಉಳಿದುಬಿಟ್ಟ ಈ ಸಂಗೀತ ಬೇರೆಯೇ ಆಗಿ ಕೇಳಿಸುತ್ತದೆ.

ಕಾನ್ಸರ್ಟೊ ಎಂದರೆ ಒಬ್ಬ ವಾದಕ ಮುಂದೆ ನಿಂತು, ಹಿಂದೆ ವಾದ್ಯವೃಂದ ಕೂತು, ಇಬ್ಬರೂ ಒಬ್ಬರಿಗೊಬ್ಬರು ಉತ್ತರ ಕೊಡುತ್ತ ನಡೆಸುವ ದೊಡ್ಡ ಕೃತಿ. ಹೆಚ್ಚಾಗಿ ಮೂರು ಭಾಗ: ಚುರುಕು, ನಿಧಾನ, ಮತ್ತೆ ಚುರುಕು. ಪಿಯಾನೊ, ಪಿಟೀಲುಗಳಿಗೆ ಇಂಥವು ಸಾಲುಸಾಲಾಗಿವೆ. ಫ್ಲೂಟ್‌ಗೆ ಹಾಗಿಲ್ಲ. ಮೊಟ್ಸಾರ್ಟ್ 1778ರ ಸುಮಾರಿಗೆ ಬರೆದ ಎರಡು ಕಾನ್ಸರ್ಟೊಗಳಾದ ಮೇಲೆ ಹತ್ತೊಂಬತ್ತನೇ ಶತಮಾನದ ದೊಡ್ಡ ಹೆಸರುಗಳಲ್ಲಿ ಬೀಥೋವನ್, ಶೂಮನ್, ಬ್ರಾಮ್ಸ್ ಯಾರೂ ಫ್ಲೂಟ್‌ಗೆ ಕಾನ್ಸರ್ಟೊ ಕೊಡಲಿಲ್ಲ. ಸಭಾಂಗಣಗಳು ಹಿಗ್ಗಿದವು, ವಾದ್ಯವೃಂದ ದಪ್ಪವಾಯಿತು, ಮರದ ಫ್ಲೂಟ್‌ನ ಸಣ್ಣ ದನಿ ಅದರಲ್ಲಿ ಮುಳುಗಿಹೋಗುತ್ತಿತ್ತು.

ಇದನ್ನು ಬದಲಿಸಿದವನು ಮ್ಯೂನಿಕ್‌ನ ಥಿಯೋಬಾಲ್ಡ್ ಬೋಮ್. ಅವನು ಫ್ಲೂಟ್ ವಾದಕನೂ ಹೌದು, ಅಕ್ಕಸಾಲಿಯೂ ಹೌದು. ರಂಧ್ರಗಳನ್ನು ಬೆರಳಿಗೆ ಸಿಗುವ ಜಾಗದಲ್ಲಿ ಕೊರೆಯುವುದನ್ನು ಬಿಟ್ಟು, ನಾದಕ್ಕೆ ಸರಿಯಾದ ಜಾಗದಲ್ಲಿ ದೊಡ್ಡದಾಗಿ ಕೊರೆದು, ಅವನ್ನು ಮುಚ್ಚಲು ಕೀಲಿಗಳ ಜೋಡಣೆ ಮಾಡಿದ. 1847ರಲ್ಲಿ ಅವನು ಮಾಡಿದ ಲೋಹದ ನೇರ ಕೊಳವೆಯ ಫ್ಲೂಟೇ ಇಂದಿನ ಫ್ಲೂಟ್‌ನ ಮೂಲ. ಪ್ಯಾರಿಸ್‌ನ ಕನ್ಸರ್ವತ್ವಾರ್, ಅಂದರೆ ಫ್ರಾನ್ಸ್‌ನ ಪ್ರಮುಖ ಸಂಗೀತ ಶಾಲೆ, 1860ರಲ್ಲಿ ಇದನ್ನು ಅಧಿಕೃತವಾಗಿ ಒಪ್ಪಿಕೊಂಡಿತು.

ನಮ್ಮ ಕೊಳಲು ಕೇಳಿ ಬೆಳೆದವರು ಇಲ್ಲೊಂದು ವ್ಯತ್ಯಾಸ ಗಮನಿಸಬೇಕು. ಕರ್ನಾಟಕ ಸಂಗೀತದ ಕೊಳಲು ವಾದಕರ ಚೀಲದಲ್ಲಿ ಬೇರೆ ಬೇರೆ ಶ್ರುತಿಯ ಕೊಳಲುಗಳಿರುತ್ತವೆ. ಶ್ರುತಿ ಬದಲಾದರೆ ಕೊಳಲೂ ಬದಲು. ಬೆರಳು ರಂಧ್ರವನ್ನು ಅರ್ಧ ಮುಚ್ಚಿ, ಜಾರಿಸಿ ಗಮಕ ಹುಟ್ಟಿಸುತ್ತದೆ. ಬೋಮ್ ಫ್ಲೂಟ್ ವಾದಕನ ಕೈಯಲ್ಲಿರುವುದು ಒಂದೇ ಕೊಳವೆ. ಹನ್ನೆರಡು ಸ್ವರಸ್ಥಾನಗಳಲ್ಲಿ ಯಾವುದನ್ನು ಆಧಾರ ಮಾಡಿಕೊಂಡರೂ ಅದರಲ್ಲೇ ನುಡಿಸಬೇಕು. ಒಂದೇ ಕೃತಿಯ ಒಳಗೆ ಆಧಾರ ಹತ್ತಾರು ಸಲ ಬದಲಾಗುತ್ತದೆ. ಇಬೇರ್‌ನ ಕೃತಿಯಲ್ಲಂತೂ ಒಂದು ಪುಟಕ್ಕೇ ಹಲವು ಸಲ.

ವಾದ್ಯ ಸಿದ್ಧವಾಯಿತು, ಅದಕ್ಕೆ ತಕ್ಕ ಪರಂಪರೆಯನ್ನು ಕಟ್ಟಿದವನು ಕನ್ಸರ್ವತ್ವಾರ್‌ನ ಫ್ಲೂಟ್ ಪ್ರಾಧ್ಯಾಪಕ ಪೋಲ್ ತಫನೆಲ್. ಕನ್ಸರ್ವತ್ವಾರ್‌ನಲ್ಲಿ ಪ್ರತಿ ಬೇಸಿಗೆಯಲ್ಲೂ ವಿದ್ಯಾರ್ಥಿಗಳಿಗೆ ಒಂದು ಸ್ಪರ್ಧೆ ನಡೆಯುತ್ತಿತ್ತು. ಅದಕ್ಕೆ ಹಳೆಯ ಸರಕನ್ನೇ ತಿರುಗಿಸದೆ ಒಳ್ಳೆಯ ಸಂಗೀತಕಾರರಿಂದ ಹೊಸದಾಗಿ ಬರೆಸುವ ಪದ್ಧತಿ ಅವನ ಕಾಲದಲ್ಲಿ ಬೇರೂರಿತು. 1898ರಲ್ಲಿ ಫೋರೆ, 1902ರಲ್ಲಿ ಸೆಸಿಲ್ ಶಾಮಿನಾದ್, 1904ರಲ್ಲಿ ಎನೆಸ್ಕು ಬರೆದ ಪರೀಕ್ಷಾ ಕೃತಿಗಳನ್ನು ಇಂದಿಗೂ ಕಛೇರಿಗಳಲ್ಲಿ ನುಡಿಸುತ್ತಾರೆ. ಪರೀಕ್ಷೆಗೆಂದು ಬರೆದ ಸಂಗೀತ ಇಷ್ಟು ದೀರ್ಘಾಯುಷಿಯಾದದ್ದು ಅಪರೂಪ. ಆದರೆ ಇವೆಲ್ಲ ಐದರಿಂದ ಎಂಟು ನಿಮಿಷದ, ಪಿಯಾನೊ ಜೊತೆಗಿನ ತುಣುಕುಗಳು. ಪೂರ್ತಿ ವಾದ್ಯವೃಂದದ ಎದುರು ನಿಲ್ಲುವ, ಗಾತ್ರದಲ್ಲೂ ಗುಣದಲ್ಲೂ ತೂಕವುಳ್ಳ ಕಾನ್ಸರ್ಟೊ ಫ್ರಾನ್ಸ್‌ನ ಈ ಪರಂಪರೆಯಿಂದ ಇನ್ನೂ ಬರಬೇಕಿತ್ತು. ಡೆನ್ಮಾರ್ಕ್‌ನ ಕಾರ್ಲ್ ನೀಲ್ಸನ್ ತನ್ನ ಫ್ಲೂಟ್ ಕಾನ್ಸರ್ಟೊವನ್ನು 1926ರಲ್ಲಿ ಪ್ಯಾರಿಸ್‌ನಲ್ಲೇ ಮೊದಲು ಕೇಳಿಸಿದ್ದ. ಫ್ಲೂಟ್‌ನ ತವರಿನಂತಿದ್ದ ಊರಿಗೆ ಕಾನ್ಸರ್ಟೊ ಹೊರಗಿನಿಂದ ಬಂದಿತ್ತು.

ಇನ್ನು ಇಬೇರ್. 1890ರ ಆಗಸ್ಟ್ 15ರಂದು ಪ್ಯಾರಿಸ್‌ನಲ್ಲಿ ಹುಟ್ಟಿದವನು. ಕನ್ಸರ್ವತ್ವಾರ್‌ನಲ್ಲಿ ಓದುವಾಗ ಹೊಟ್ಟೆಪಾಡಿಗೆ ಮೂಕಿ ಚಿತ್ರಗಳಿಗೆ ಪಿಯಾನೊ ನುಡಿಸುತ್ತಿದ್ದ. ಮೊದಲ ಮಹಾಯುದ್ಧ ಬಂದಾಗ ಓದು ನಿಂತಿತು. ಮೊದಲು ಗಾಯಾಳುಗಳ ಸೇವೆಯಲ್ಲಿ, ಆಮೇಲೆ ನೌಕಾಪಡೆಯ ಅಧಿಕಾರಿಯಾಗಿ ಕೆಲಸ ಮಾಡಿದ. ಯುದ್ಧ ಮುಗಿದ ಮೇಲೆ, 1919ರಲ್ಲಿ, ಫ್ರಾನ್ಸ್‌ನ ಅತಿ ದೊಡ್ಡ ಸಂಗೀತ ಪುರಸ್ಕಾರವಾದ ರೋಮ್ ಪ್ರಶಸ್ತಿ ಬಂತು. 1922ರ ‘ಎಸ್ಕಾಲ್’ ಎಂಬ ವಾದ್ಯವೃಂದ ಕೃತಿ ಹೆಸರು ತಂದಿತು. ಫ್ಲೂಟ್ ಕಾನ್ಸರ್ಟೊ ಬರೆಯುತ್ತಿದ್ದ ಕಾಲಕ್ಕೇ ಅವನು ಜಿ. ಡಬ್ಲ್ಯೂ. ಪಾಬ್ಸ್ಟ್‌ನ ‘ಡಾನ್ ಕಿಹೋಟೆ’ ಚಲನಚಿತ್ರಕ್ಕಾಗಿ, ಪ್ರಸಿದ್ಧ ರಷ್ಯನ್ ಗಾಯಕ ಶಲ್ಯಾಪಿನ್ ಹಾಡಲೆಂದು, ಹಾಡುಗಳನ್ನೂ ಕಟ್ಟುತ್ತಿದ್ದ. ಸಿನಿಮಾ, ನಾಟಕ, ಬ್ಯಾಲೆ, ಒಪೆರಾ ಯಾವುದನ್ನೂ ಕೀಳೆಂದು ನೋಡದ ಮನುಷ್ಯ. ಯಾವ ಗುಂಪಿಗೂ ಸೇರದೆ, ಯಾವ ಸಿದ್ಧಾಂತಕ್ಕೂ ಜೋತುಬೀಳದೆ, ತನಗೆ ಬೇಕಾದ್ದನ್ನು ಎಲ್ಲ ಕಡೆಯಿಂದ ತೆಗೆದುಕೊಂಡ.

ಈ ಕೃತಿಯನ್ನು ‘ನವ ಅಭಿಜಾತ’ ಶೈಲಿಯದು ಎನ್ನುತ್ತಾರೆ. ಮಹಾಯುದ್ಧದ ಹಿಂದು ಮುಂದಿನ ವರ್ಷಗಳಲ್ಲಿ ಪ್ಯಾರಿಸ್‌ನ ಸಂಗೀತಕಾರರಿಗೆ ಜರ್ಮನ್ ಒಪೆರಾಕಾರ ವಾಗ್ನರ್ ಮಾದರಿಯ ಭಾರೀ ಗಾತ್ರ, ಉಕ್ಕುವ ಭಾವಾವೇಶ ಸಾಕಾಗಿತ್ತು. ಹದಿನೆಂಟನೇ ಶತಮಾನದ ಚಿಕ್ಕ ವಾದ್ಯವೃಂದ, ಸ್ಪಷ್ಟ ರಚನೆ, ಅಳತೆಯ ಮಾತು ಮತ್ತೆ ಬೇಕೆನಿಸಿತು. ಹೀಗೆ ಹೇಳಿದಾಗ ಇದೊಂದು ಹಗುರ ಫ್ಯಾಷನ್ ಎನಿಸಬಹುದು. ಅದು ತಪ್ಪು. ರವೆಲ್ 1917ರಲ್ಲಿ ಮುಗಿಸಿದ ‘ಕೂಪರಾನ್‌ನ ಸಮಾಧಿ’ ಎಂಬ ಪಿಯಾನೊ ಮಾಲಿಕೆಯನ್ನು ನೋಡಿ. ಹಳೆಯ ಫ್ರೆಂಚ್ ಶೈಲಿಯ ಅಚ್ಚುಕಟ್ಟಾದ ಆರು ಭಾಗಗಳು, ಅವುಗಳಲ್ಲಿ ಮೂರು ನೃತ್ಯಗಳು. ಆರಕ್ಕೆ ಆರೂ ಯುದ್ಧದಲ್ಲಿ ಸತ್ತ ಗೆಳೆಯರಿಗೆ ಅರ್ಪಿತ. ಅಳತೆ ಮೀರದೆ ಬರೆಯುವುದು ದುಃಖವಿಲ್ಲದವರ ಕೆಲಸವಲ್ಲ. ಇಬೇರ್‌ನನ್ನೂ ಈ ಬೆಳಕಿನಲ್ಲೇ ಕೇಳಬೇಕು ಎಂದು ನನಗನಿಸುತ್ತದೆ.

ಕೃತಿ ಅರ್ಪಿತವಾಗಿರುವುದು ಮಾರ್ಸೆಲ್ ಮೊಯೀಸ್‌ಗೆ. 1889ರಲ್ಲಿ ಝುರಾ ಪ್ರಾಂತ್ಯದ ಸೇಂ-ತಾಮೂರ್ ಎಂಬ ಚಿಕ್ಕ ಊರಿನಲ್ಲಿ ಹುಟ್ಟಿದವನು. ಹುಟ್ಟಿದ ಕೆಲವೇ ದಿನಗಳಲ್ಲಿ ತಾಯಿ ತೀರಿಹೋದಳು. ಪ್ಯಾರಿಸ್‌ನ ಒಪೆರಾ-ಕೊಮಿಕ್‌ನಲ್ಲಿ ವರ್ಷಗಟ್ಟಲೆ ಮೊದಲ ಫ್ಲೂಟ್ ವಾದಕನಾಗಿದ್ದ. ಅಲ್ಲಿ ದಿನವೂ ಗಾಯಕರನ್ನು ಕೇಳಿ ಕೇಳಿ, ಅವರು ಒಂದು ಪದವನ್ನು ಹೇಗೆ ಎತ್ತುತ್ತಾರೆ, ಎಲ್ಲಿ ಬಣ್ಣ ಬದಲಿಸುತ್ತಾರೆ ಎಂಬುದನ್ನು ಫ್ಲೂಟ್‌ಗೆ ಇಳಿಸಿಕೊಂಡ. ಅವನ ನಾದಾಭ್ಯಾಸದ ಪುಸ್ತಕ ‘ದ ಲ ಸೊನೊರಿತೆ’ ಪ್ರಕಟವಾದದ್ದು ಈ ಕಾನ್ಸರ್ಟೊವನ್ನು ಮೊದಲು ನುಡಿಸಿದ ವರ್ಷವೇ, 1934ರಲ್ಲಿ. ಅದರ ಮೊದಲ ಪಾಠದಲ್ಲಿ ಇರುವುದು ಇಷ್ಟೇ: ಒಂದು ಸ್ವರ ಉದ್ದಕ್ಕೆ ಹಿಡಿಯಿರಿ, ಅರ್ಧ ಸ್ವರ ಕೆಳಗಿಳಿಯಿರಿ, ದನಿಯ ಗುಣ ಬದಲಾಗಬಾರದು. ನಂತರ ಅಲ್ಲಿಂದ ಇನ್ನೊಂದು ಅರ್ಧ ಸ್ವರ. ನೋಡಲು ಸುಲಭ, ಸಾಧಿಸಲು ವರ್ಷಗಳು ಬೇಕು. ಈ ಪಾಠವನ್ನು ನೆನಪಿಟ್ಟುಕೊಳ್ಳಿ, ನಿಧಾನದ ಭಾಗಕ್ಕೆ ಬಂದಾಗ ಬೇಕಾಗುತ್ತದೆ.

1934ರ ಫೆಬ್ರುವರಿ 25ರಂದು ಕನ್ಸರ್ವತ್ವಾರ್‌ನ ಕಛೇರಿ ಸಂಘದ ವಾದ್ಯವೃಂದದೊಂದಿಗೆ ಮೊಯೀಸ್ ಈ ಕಾನ್ಸರ್ಟೊವನ್ನು ಮೊದಲ ಬಾರಿಗೆ ನುಡಿಸಿದ. ವಾದ್ಯವೃಂದ ನಡೆಸಿದವನು ಫಿಲಿಪ್ ಗೊಬೇರ್. ತಫನೆಲ್‌ನ ಶಿಷ್ಯ, ಸ್ವತಃ ದೊಡ್ಡ ಫ್ಲೂಟ್ ವಾದಕ, ಮೊಯೀಸ್‌ಗೆ ಪಾಠ ಹೇಳಿದವನು. ಶಿಷ್ಯ ಎಲ್ಲಿ ಉಸಿರು ತೆಗೆದುಕೊಳ್ಳುತ್ತಾನೆ ಎಂಬುದನ್ನು ಗುರು ಎದುರಿಗೇ ನಿಂತು, ಕೈಯಲ್ಲಿ ಕೋಲು ಹಿಡಿದು ಕಾಯುತ್ತಿದ್ದಾನೆ. ಆ ಕೃತಿಗೆ ಇದಕ್ಕಿಂತ ಒಳ್ಳೆಯ ಆಸರೆ ಸಿಗುವಂತಿರಲಿಲ್ಲ. ಅದೇ ಫೆಬ್ರುವರಿ 6ರಂದು ಪ್ಯಾರಿಸ್‌ನ ಪ್ಲಾಸ್ ದ ಲ ಕೊಂಕೊರ್ದ್‌ನಲ್ಲಿ ಬಲಪಂಥೀಯ ಗುಂಪುಗಳ ಗಲಭೆ ನಡೆದು, ಗೋಲಿಬಾರಿನಲ್ಲಿ ಜನ ಸತ್ತಿದ್ದರು, ಸರ್ಕಾರವೇ ಬಿದ್ದಿತ್ತು. ಕಛೇರಿಗೆ ಬಂದವರು ಆ ಊರಿನಿಂದಲೇ ಬಂದವರು.

ಈಗ ಸಂಗೀತಕ್ಕೆ ಬರೋಣ. ವಾದ್ಯವೃಂದ ಚಿಕ್ಕದು: ಫ್ಲೂಟ್, ಓಬೋ, ಕ್ಲಾರಿನೆಟ್, ಬಸೂನ್, ಹಾರ್ನ್ ಎರಡೆರಡು, ಟ್ರಂಪೆಟ್ ಒಂದೇ ಒಂದು, ಟಿಂಪಾನಿ, ತಂತಿವಾದ್ಯಗಳು. ಹೆಚ್ಚುಕಮ್ಮಿ ಮೊಟ್ಸಾರ್ಟ್ ಕಾಲದ ಅಳತೆ.

ಮೊದಲ ಭಾಗ ಅಲೆಗ್ರೊ, ಅಂದರೆ ಚುರುಕು. ಮೊಟ್ಸಾರ್ಟ್‌ನಲ್ಲಾದರೆ ವಾದ್ಯವೃಂದ ನಿಧಾನವಾಗಿ ಎಲ್ಲ ವಿಷಯವನ್ನೂ ಮೊದಲು ಹೇಳಿ ಮುಗಿಸುತ್ತದೆ, ಮುಖ್ಯ ವಾದಕ ಅಲ್ಲಿಯವರೆಗೆ ಕಾಯುತ್ತ ನಿಂತಿರುತ್ತಾನೆ. ಇಬೇರ್ ಕಾಯಿಸುವುದಿಲ್ಲ. ವಾದ್ಯವೃಂದ ಒಂದು ಒರಟು, ಕರ್ಕಶ ಘೋಷ ಎಬ್ಬಿಸುತ್ತದೆ, ಫ್ಲೂಟ್ ತಕ್ಷಣ ಓಡತೊಡಗುತ್ತದೆ. ನಮ್ಮ ಭಾಷೆಯಲ್ಲಿ ಹೇಳುವುದಾದರೆ ಚತುರಶ್ರ ನಡೆ, ಒಂದೊಂದು ಎಣಿಕೆಗೆ ನಾಲ್ಕು ನಾಲ್ಕು ಸ್ವರ, ಬಿಡುವಿಲ್ಲದೆ. ಸ್ವರಗಳು ಸಲೀಸಾದ ಆರೋಹಣ ಅವರೋಹಣದಲ್ಲಿಲ್ಲ. ಅರ್ಧ ಸ್ವರದಷ್ಟು ಜರುಗುತ್ತವೆ, ಹಠಾತ್ತನೆ ಹಾರುತ್ತವೆ, ಬೆರಳು ಒಂದು ಜಾಡಿಗೆ ಒಗ್ಗುವಷ್ಟರಲ್ಲಿ ಜಾಡೇ ಬದಲಾಗುತ್ತದೆ.

ಬೆರಳುಗಳ ಈ ಕಸರತ್ತನ್ನು ಅಭ್ಯಾಸದಿಂದ ಗೆಲ್ಲಬಹುದು. ಉಸಿರಿನ ವಿಷಯ ಹಾಗಲ್ಲ. ಓಬೋದಲ್ಲಿ ಗಾಳಿ ಹೋಗುವ ಸಂದು ತೀರ ಕಿರಿದು, ಸ್ವಲ್ಪ ಗಾಳಿಯಲ್ಲೇ ಬಹಳ ಹೊತ್ತು ನುಡಿಸಬಹುದು. ಫ್ಲೂಟ್‌ನಲ್ಲಿ ಸೀಸೆಯ ಬಾಯಿಗೆ ಊದಿದ ಹಾಗೆ ತುಟಿಯಿಂದ ಹೊರಟ ಗಾಳಿಯನ್ನು ಅಂಚಿಗೆ ಬಡಿಸಬೇಕು. ಒಂದಂಶ ಕೊಳವೆಯೊಳಗೆ, ಉಳಿದದ್ದು ಹೊರಗೆ. ತಡೆಯುವುದಕ್ಕೆ ಓಬೋದಲ್ಲಿರುವಂತೆ ಬಾಯಲ್ಲಿಡುವ ತೆಳು ದಂಟಿನ ರೀಡ್ ಇಲ್ಲ, ಏನೂ ಇಲ್ಲ. ಆದ್ದರಿಂದ ಎದೆಯಲ್ಲಿದ್ದದ್ದು ಬೇಗ ಖಾಲಿಯಾಗುತ್ತದೆ. ಇಬೇರ್ ಬರೆದಿರುವ ಓಟದಲ್ಲಿ ಉಸಿರು ತೆಗೆದುಕೊಳ್ಳಲು ವಿರಾಮ ಚಿಹ್ನೆಗಳೇ ಇಲ್ಲದ ಸಾಲುಗಳಿವೆ. ವಾದಕ ಏನು ಮಾಡಬೇಕು? ಕೆಲವರು ಒಂದು ಸ್ವರವನ್ನೇ ಬಿಟ್ಟುಬಿಡುತ್ತಾರೆ. ಕೆಲವರು ಮೂಗಿನಿಂದ ಎಳೆದುಕೊಳ್ಳುತ್ತಲೇ ಕೆನ್ನೆಯಲ್ಲಿ ಕೂಡಿಟ್ಟ ಗಾಳಿಯಿಂದ ಊದುವ ವೃತ್ತಾಕಾರದ ಉಸಿರಾಟ ಕಲಿಯುತ್ತಾರೆ. ಆದರೆ ಒಳ್ಳೆಯ ವಾದಕರು ಬೇರೆ ದಾರಿ ಹಿಡಿಯುತ್ತಾರೆ. ಎಡೆಬಿಡದೆ ಓಡುವ ಹದಿನಾರು ಸ್ವರಗಳಲ್ಲಿ ವಾಕ್ಯ ಎಲ್ಲಿ ಮುಗಿಯಿತು, ಹೊಸ ವಾಕ್ಯ ಯಾವ ಸ್ವರದಿಂದ ಶುರುವಾಯಿತು ಎಂದು ಹುಡುಕುತ್ತಾರೆ. ಅದು ಎಷ್ಟೋ ಸಲ ಎಣಿಕೆಯ ಮೊದಲ ಸ್ವರದ ಮುಂದೆ ಇರುವುದಿಲ್ಲ, ಮೊದಲ ಸ್ವರ ಮುಗಿದ ಮೇಲೆ ಇರುತ್ತದೆ. ಎಣಿಕೆ ಬಿದ್ದಲ್ಲಿ ಹಳೆಯ ವಾಕ್ಯ ಕಾಲೂರುತ್ತದೆ, ಅಲ್ಲೊಂದು ಚಿಟಿಕೆಯಷ್ಟು ಉಸಿರು, ಉಳಿದ ಮೂರು ಸ್ವರ ಮುಂದಿನ ವಾಕ್ಯಕ್ಕೆ ಸೇರಿದವು. ಹೀಗೆ ಅರ್ಥಮಾಡಿಕೊಂಡು ತೆಗೆದುಕೊಂಡ ಉಸಿರು ಕೇಳುವವರಿಗೆ ತೊಡಕಾಗುವುದಿಲ್ಲ. ಮಾತಾಡುವಾಗ ನಾವು ತೆಗೆದುಕೊಳ್ಳುವ ಉಸಿರು ಯಾರಿಗೂ ತೊಡಕಲ್ಲವಲ್ಲ, ಹಾಗೆಯೇ. ಉಸಿರಿನ ಪ್ರಶ್ನೆ ಅರ್ಥದ ಪ್ರಶ್ನೆಯಾಗುವುದು ಇಲ್ಲಿ. ರಾಗಾಲಾಪನೆ ಮಾಡುವ ಕೊಳಲು ವಾದಕರು ಎಲ್ಲಿ ನಿಲ್ಲಬೇಕೆಂದು ತಾವೇ ತೀರ್ಮಾನಿಸುತ್ತಾರೆ. ಇಲ್ಲಿ ಸ್ವರಗಳೆಲ್ಲ ಬರೆದಿಟ್ಟಾಗಿದೆ, ವಾದಕನಿಗೆ ಉಳಿದಿರುವ ಸ್ವಾತಂತ್ರ್ಯದ ದೊಡ್ಡ ಪಾಲು ಆ ಚಿಟಿಕೆ ಉಸಿರಿನಲ್ಲೇ ಇದೆ.

ಓಟದ ನಡುವೆ ಒಂದು ತಣ್ಣನೆಯ, ಉದ್ದ ಎಳೆಯ ರಾಗ ಬರುತ್ತದೆ. ಆಗ ಎಲ್ಲ ನಿರಾಳವಾಯಿತು ಎನಿಸುತ್ತದೆ, ವಾದಕನಿಗೆ ಮಾತ್ರ ಇಲ್ಲ. ಓಡಿ ಬಂದ ಎದೆಯಿಂದ ತಕ್ಷಣ ನಿಶ್ಚಲವಾದ ದನಿ ತೆಗೆಯಬೇಕು.

ಎರಡನೆಯ ಭಾಗ ಆಂದಾಂತೆ, ಅಂದರೆ ನಿಧಾನ. ಇಡೀ ಕೃತಿಯ ಪ್ರಾಣ ಇದೇ ಎಂದು ನಾನು ನಂಬುತ್ತೇನೆ. ಮೂರು ಎಣಿಕೆಯ ನಿಧಾನ ನಡೆ, ತಂತಿವಾದ್ಯಗಳ ಮೆತ್ತನೆಯ ನೆಲದ ಮೇಲೆ ಫ್ಲೂಟ್ ಒಂದೇ ಎಳೆಯಾಗಿ ಹಾಡುತ್ತದೆ. ಇಲ್ಲಿನ ಆಧಾರ ಸ್ವರ ಡಿ-ಫ್ಲಾಟ್. ಪಿಯಾನೊ ಮೇಲೆ ಅದೇ ಸಿ-ಶಾರ್ಪ್. ಈ ಸ್ವರದ ವಿಷಯ ಸ್ವಲ್ಪ ಹೇಳಲೇಬೇಕು. ಬೋಮ್ ಫ್ಲೂಟ್‌ನ ನಡುವಿನ ಸಿ-ಶಾರ್ಪ್ ನುಡಿಸುವಾಗ ಹೆಚ್ಚುಕಡಿಮೆ ಎಲ್ಲ ಬೆರಳೂ ಎದ್ದಿರುತ್ತವೆ, ಕೊಳವೆ ತೆರೆದೇ ಇರುತ್ತದೆ. ಆ ಸ್ವರ ಹೊರಡುವ ರಂಧ್ರ ಚಿಕ್ಕದು, ಏಕೆಂದರೆ ಅದು ಬೇರೆ ಕೆಲವು ಸ್ವರಗಳಿಗೆ ಗಾಳಿಕಿಂಡಿಯಾಗಿಯೂ ಕೆಲಸ ಮಾಡಬೇಕು. ಹೀಗಾಗಿ ಆ ಸ್ವರಕ್ಕೆ ಮೈ ತುಂಬಿರುವುದಿಲ್ಲ. ಟೊಳ್ಳು ದನಿ, ಶ್ರುತಿ ಮೇಲಕ್ಕೆ ಜಾರುವ ಚಾಳಿ. ಪಕ್ಕದ ಡಿ ಸ್ವರಕ್ಕೆ ಬಂದರೆ ಹೆಚ್ಚುಕಡಿಮೆ ಎಲ್ಲ ಬೆರಳೂ ಮುಚ್ಚಬೇಕು, ದನಿ ಏಕಾಏಕಿ ದಪ್ಪವಾಗುತ್ತದೆ. ಫ್ಲೂಟ್‌ನ ಅತ್ಯಂತ ಅಸ್ಥಿರ ಸ್ವರಗಳಲ್ಲಿ ಒಂದು ಈ ಸಿ-ಶಾರ್ಪ್. ಇದೇ ಸ್ವರದಿಂದ, ಅದರ ಆ ಟೊಳ್ಳುತನವನ್ನೇ ಸೌಂದರ್ಯ ಮಾಡಿಕೊಂಡು, ದೆಬ್ಯುಸಿ 1894ರಲ್ಲಿ ‘ಫಾನ್‌ನ ಮಧ್ಯಾಹ್ನಕ್ಕೆ ಪೀಠಿಕೆ’ಯನ್ನು ಶುರುಮಾಡಿದ್ದ. ಇಬೇರ್ ಇನ್ನೂ ಮುಂದೆ ಹೋಗಿ ಇಡೀ ಭಾಗಕ್ಕೇ ಅದನ್ನು ಷಡ್ಜ ಮಾಡಿಬಿಟ್ಟ. ಮನೆಗೆ ಮರಳಿದಾಗೆಲ್ಲ ವಾದಕ ಸೇರಬೇಕಾದದ್ದು ಆ ನಿಲ್ಲದ ಸ್ವರಕ್ಕೆ.

ಮೊಯೀಸ್‌ನ ಆ ಮೊದಲ ಪಾಠ ಬೇಕಾಗುವುದು ಇಲ್ಲಿ. ಅಕ್ಕಪಕ್ಕದ ಸ್ವರಗಳ ನಡುವೆ ದನಿಯ ಬಣ್ಣ ಒಡೆಯಬಾರದು. ಒಡೆಯದಂತೆ ಕಾಯುವುದು ಬೆರಳಲ್ಲ; ತುಟಿಯ ಕೋನ, ಗಾಳಿಯ ವೇಗ. ಈ ಭಾಗದಲ್ಲಿ ಒಂದು ನಿಮಿಷಕ್ಕೆ ಬರುವ ಸ್ವರಗಳು ಮೊದಲ ಭಾಗದಲ್ಲಿ ಒಂದು ಸಾಲಿಗೆ ಬರುತ್ತವೆ. ಆದರೂ ವೇದಿಕೆಯ ಮೇಲೆ ಬಹಳ ಜನ ಸೋಲುವುದು ಇಲ್ಲೇ. ಅಡಗಿಕೊಳ್ಳಲು ವೇಗದ ಮರೆ ಇಲ್ಲ.

ಕೊನೆಯ ಹೊತ್ತಿಗೆ ಇಬೇರ್ ಒಂದು ಬಹು ಸುಂದರ ಕೆಲಸ ಮಾಡುತ್ತಾನೆ. ಮೊದಲು ಫ್ಲೂಟ್ ಹಾಡಿದ ರಾಗವನ್ನು ವಾದ್ಯವೃಂದದ ಒಂಟಿ ಪಿಟೀಲು ಎತ್ತಿಕೊಳ್ಳುತ್ತದೆ. ಮುಖ್ಯ ವಾದಕ ತನ್ನ ಹಾಡನ್ನು ಬಿಟ್ಟುಕೊಟ್ಟು, ಆ ಪಿಟೀಲಿನ ಸುತ್ತ ಎಳೆ ಹೆಣೆಯುತ್ತ ಹಿಂದೆ ಸರಿಯುತ್ತಾನೆ. ಕಾನ್ಸರ್ಟೊ ಎಂದರೆ ಒಬ್ಬನ ಮೆರೆದಾಟ ಎಂದುಕೊಂಡವರು ಈ ಎರಡು ನಿಮಿಷ ಕೇಳಬೇಕು. ಫ್ಲೂಟ್ ಇಲ್ಲಿ ಪಕ್ಕವಾದ್ಯ, ಪಕ್ಕವಾದ್ಯದ ಸಂತೋಷ ಅದರ ದನಿಯಲ್ಲಿ ಕೇಳುತ್ತದೆ.

ಮೂರನೆಯ ಭಾಗ ಅಲೆಗ್ರೊ ಸ್ಕೆರ್ಟ್ಸಾಂಡೊ, ಅಂದರೆ ಚುರುಕಾಗಿ, ಆಟವಾಡುವಂತೆ. ವಾದ್ಯವೃಂದ ಜಾಝ್‌ನ ನೆನಪು ತರುವ ಮುರಿದ ತಾಳದಲ್ಲಿ ಶುರು ಮಾಡುತ್ತದೆ. 1920ರ ದಶಕದ ಪ್ಯಾರಿಸ್‌ನಲ್ಲಿ ಜಾಝ್ ಎಲ್ಲೆಲ್ಲೂ ಇತ್ತು. ನಾಲ್ಕರ ಒಂದು ಆವರ್ತ, ಮೂರರ ಒಂದು ಆವರ್ತ, ಒಂದರ ಹಿಂದೊಂದು. ಮಿಶ್ರ ಚಾಪಿಗೆ ತಾಳ ಹಾಕಿ ಅಭ್ಯಾಸವಾದ ಕೈಗೆ ಏಳರ ಈ ಕುಂಟು ನಡೆ ಕಷ್ಟವೆನಿಸದು, ನಮ್ಮಲ್ಲಿ ಮೂರು ಮೊದಲು, ಇಲ್ಲಿ ನಾಲ್ಕು ಮೊದಲು ಅಷ್ಟೆ. ಆಮೇಲೆ ಫ್ಲೂಟ್ ತಿಶ್ರ ನಡೆಯಲ್ಲಿ ನುಗ್ಗುತ್ತದೆ. ಮೂರು ಮೂರು ಸ್ವರಗಳನ್ನು ಬಿಡಿಬಿಡಿಯಾಗಿ ನುಡಿಸಲು ನಾಲಿಗೆಯ ತುದಿ, ನಾಲಿಗೆಯ ಬುಡ ಎರಡೂ ಕೆಲಸ ಮಾಡಬೇಕು: ತು-ಕು-ತು, ತು-ಕು-ತು. ‘ಕು’ ಹಿಂದಿನಿಂದ ಬರುವುದರಿಂದ ಸಹಜವಾಗಿ ಮಂಕು. ಅದನ್ನು ‘ತು’ವಿನಷ್ಟೇ ಹರಿತ ಮಾಡಲು ಮತ್ತೆ ಬೇಕಾದದ್ದು ಒತ್ತಡ ಇಳಿಯದ ಗಾಳಿ. ನಡುವೆ ನಡೆ ನಿಧಾನವಾಗಿ, ಫ್ಲೂಟ್ ತನ್ನ ಮಂದ್ರಕ್ಕೆ ಇಳಿದು ಯೋಚನೆಯಲ್ಲಿ ಬಿದ್ದಂತೆ ಹಾಡುತ್ತದೆ. ಕಡೆಯಲ್ಲಿ ವಾದ್ಯವೃಂದ ಸುಮ್ಮನಾಗಿ ಫ್ಲೂಟ್ ಒಂದೇ ನುಡಿಸುವ ಕೆಡೆಂಜ. ಮತ್ತೆ ತಿಶ್ರ, ಮತ್ತೆ ಓಟ, ಮುಕ್ತಾಯ.

ಈ ಮೂರನೆಯ ಭಾಗವನ್ನೇ ಕನ್ಸರ್ವತ್ವಾರ್ ಬೇಗ ತನ್ನ ಸ್ಪರ್ಧೆಗೆ ತೆಗೆದುಕೊಂಡಿತು. ಕೃತಿ ಉಳಿದು ಬೆಳೆಯಲು ಅದರಿಂದ ಉಪಕಾರವಾಯಿತು ಎನ್ನುವುದು ನಿಜ. ದ್ಯುತಿಯೋ 1943ರಲ್ಲಿ, ಝೊಲಿವೆ 1944ರಲ್ಲಿ, ಮೆಸಿಯಾನ್ 1952ರಲ್ಲಿ ಅದೇ ಸ್ಪರ್ಧೆಗೆ ಬರೆದ ಕಠಿಣ ಫ್ಲೂಟ್ ಕೃತಿಗಳು ಬಂದದ್ದು ಇಂಥ ಕಷ್ಟವನ್ನು ವಿದ್ಯಾರ್ಥಿಗಳು ಗೆಲ್ಲಬಲ್ಲರು ಎಂದು ಗೊತ್ತಾದ ಶಾಲೆಗೆ. ಆದರೆ ಪರೀಕ್ಷೆಯಲ್ಲಿ, ಆಡಿಷನ್‌ನಲ್ಲಿ ವಾದ್ಯವೃಂದ ಇರುವುದಿಲ್ಲ. ಅದರ ಪಾಲನ್ನೆಲ್ಲ ಒಬ್ಬರು ಪಿಯಾನೊ ಮೇಲೆ ನುಡಿಸುತ್ತಾರೆ. ಆಗ ಆ ಒಂಟಿ ಟ್ರಂಪೆಟ್ ಹೋಯಿತು, ಹಾರ್ನ್‌ಗಳು ಹೋದವು, ಆಂದಾಂತೆಯ ಒಂಟಿ ಪಿಟೀಲು ಪಿಯಾನೊದ ಬಲಗೈಯ ನಾಲ್ಕು ಸ್ವರವಾಗಿ ಉಳಿಯಿತು. ಎಷ್ಟೋ ಕಡೆ ಮೊದಲ ಭಾಗವನ್ನಷ್ಟೇ ಕೇಳಿ ಮುಗಿಸುತ್ತಾರೆ. ಕಲಿಯುವ ಮಕ್ಕಳಿಗೆ ಇದು ಅರ್ಧ ಊಟ.

ಬರೆದವನಿಗೂ ನುಡಿಸಿದವನಿಗೂ ಮುಂದಿನ ವರ್ಷಗಳು ಸುಲಭದವಾಗಿರಲಿಲ್ಲ. ಇಬೇರ್ 1937ರಲ್ಲಿ ರೋಮ್‌ನ ವಿಲ್ಲಾ ಮೆದಿಚಿಯ ಫ್ರೆಂಚ್ ಅಕಾಡೆಮಿಗೆ ನಿರ್ದೇಶಕನಾದ. ಯುದ್ಧ ಬಂದು, ಫ್ರಾನ್ಸ್ ಜರ್ಮನಿಗೆ ಸೋತ ಮೇಲೆ ಅಧಿಕಾರಕ್ಕೆ ಬಂದ ವಿಶಿ ಸರ್ಕಾರ ಅವನ ಸಂಗೀತವನ್ನು ನಿಷೇಧಿಸಿತು. ಯುದ್ಧದ ನಂತರ ಮತ್ತೆ ಆ ಹುದ್ದೆಗೆ ಹೋಗಿ 1960ರವರೆಗೆ ಇದ್ದ. 1962ರಲ್ಲಿ ತೀರಿಕೊಂಡ. ಮೊಯೀಸ್ 1940ರಲ್ಲಿ ಪ್ಯಾರಿಸ್ ಬಿಟ್ಟು ಹುಟ್ಟೂರು ಸೇರಿದ, ಕನ್ಸರ್ವತ್ವಾರ್‌ನ ಹುದ್ದೆ ಕೈಬಿಟ್ಟಿತು. ಮುಂದೆ ಅರ್ಜೆಂಟೀನಾ, ಅಲ್ಲಿಂದ ಅಮೆರಿಕದ ವರ್ಮಾಂಟ್. ಅಲ್ಲಿ ಮಾರ್ಲ್‌ಬರೊ ಸಂಗೀತ ಶಾಲೆಯನ್ನು ಕಟ್ಟಿದವರಲ್ಲಿ ಅವನೂ ಒಬ್ಬ. 1984ರಲ್ಲಿ, ತೊಂಬತ್ತು ದಾಟಿದ ಮೇಲೆ ತೀರಿಕೊಂಡ.

ಕೇಳಲು ಎಲ್ಲಿಂದ ಶುರುಮಾಡಬೇಕು ಎಂದು ಕೇಳುವವರಿಗೆ ಹೇಳುತ್ತೇನೆ. ಝಾಂ-ಪಿಯೇರ್ ರಂಪಾಲ್, ಜೇಮ್ಸ್ ಗಾಲ್ವೇ, ಇಮ್ಯಾನುಯೆಲ್ ಪಹೂ ಮೂವರೂ ಇದನ್ನು ವಾದ್ಯವೃಂದದೊಂದಿಗೆ ಧ್ವನಿಮುದ್ರಿಸಿದ್ದಾರೆ. ಯಾರದ್ದಾದರೂ ಆಗಲಿ, ಮೊದಲು ಎರಡನೆಯ ಭಾಗವನ್ನು ಕೇಳಿ, ಒಂಟಿ ಪಿಟೀಲು ಬರುವವರೆಗೆ ಕಾಯಿರಿ. ಆಮೇಲೆ ಮೊದಲ ಭಾಗಕ್ಕೆ ಹೋಗಿ, ವೇಗದ ಕಡೆ ಗಮನ ಕೊಡದೆ, ವಾದಕ ಎಲ್ಲಿ ಉಸಿರು ತೆಗೆದುಕೊಂಡರು ಎಂದು ಮಾತ್ರ ಹುಡುಕಿ. ಮೂವರೂ ಮೂರು ಬೇರೆ ಜಾಗಗಳಲ್ಲಿ ತೆಗೆದುಕೊಂಡದ್ದು ಕಂಡರೆ, ಪ್ರತಿಯೊಬ್ಬರೂ ಆ ಸಾಲನ್ನು ಹೇಗೆ ಓದಿಕೊಂಡಿದ್ದಾರೆ ಎಂಬುದು ತಿಳಿಯುತ್ತದೆ. ಫ್ಲೂಟ್ ಕಲಿಯುತ್ತಿರುವವರು ಇಲ್ಲಿದ್ದರೆ, ಸ್ವರಲಿಪಿ ಎದುರಿಗಿಟ್ಟುಕೊಂಡು ಆ ಜಾಗಗಳನ್ನು ಪೆನ್ಸಿಲ್‌ನಿಂದ ಗುರುತು ಹಾಕಿಕೊಳ್ಳಿ, ನಂತರ ನಿಮ್ಮ ಜಾಗ ನೀವು ಹುಡುಕಿಕೊಳ್ಳಿ.